ನಿಮಗಿದು ಗೊತ್ತೇ? ಮನೆ ಸ್ವಂತದ್ದು, ನೆಲ ಬಾಡಿಗೆಯದು, ಮೀಟರು ಯಾರದು?

ಅಮೆರಿಕದಲ್ಲಿ ಸುಮಾರು 2 ಕೋಟಿ ಜನ ಕಾರ್ಖಾನೆಯಲ್ಲಿ ತಯಾರಾಗಿ, ಲಾರಿ ಎಳೆದು ತಂದ ಮನೆಗಳಲ್ಲಿ ವಾಸವಾಗಿದ್ದಾರೆ. ಅವರಲ್ಲಿ ಅನೇಕರದು ಅರ್ಧ ಒಡೆತನ. ಮನೆ ಅವರದೇ, ಅದು ಕೂತಿರುವ ಸೈಟು ಮಾತ್ರ ಮತ್ತೊಬ್ಬರದು. ಆ ಸೈಟಿಗೆ ತಿಂಗಳು ತಿಂಗಳೂ ನೆಲಬಾಡಿಗೆ ಕಟ್ಟಬೇಕು. ಇಂಥ ಹತ್ತಾರು, ನೂರಾರು ಸೈಟುಗಳನ್ನು ಸಾಲಾಗಿ ಮಾಡಿ ಬಾಡಿಗೆಗೆ ಕೊಡುವ ಜಾಗವೇ ಮೊಬೈಲ್ ಹೋಮ್ ಪಾರ್ಕ್. ನೆಲಬಾಡಿಗೆ ಏರಿದಾಗ ಸುದ್ದಿಯಾಗುತ್ತದೆ. ಅದರ ಜೊತೆಗೇ ಬರುವ ಕರೆಂಟು, ನೀರು, ಗ್ಯಾಸಿನ ಬಿಲ್ಲಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಈ ಸಲದ ಅಂಕಣ ಪೂರ್ತಿ ಆ ಬಿಲ್ಲಿಗೆ ಮೀಸಲು. ಉದಾಹರಣೆಗಳು ಹೆಚ್ಚಾಗಿ ಕ್ಯಾಲಿಫೋರ್ನಿಯಾದವು. ಬಿಲ್ಲಿನ ಒಂದೊಂದು ಸಾಲಿಗೂ ಅಲ್ಲಿ ಒಂದೊಂದು ನಿಯಮವಿದೆ.

ಹೆಸರಿನಲ್ಲಿ ‘ಮೊಬೈಲ್’ ಇದ್ದರೂ ಈ ಮನೆಗಳು ಒಮ್ಮೆ ಕೂತ ಮೇಲೆ ಅಲ್ಲಾಡುವುದು ಕಡಿಮೆ. ಚಕ್ರ ಬಿಚ್ಚಿ, ಅಡಿಗೆ ಆಧಾರ ಕೊಟ್ಟು, ಸುತ್ತ ಹಲಗೆ ಹೊಡೆದು, ನಲ್ಲಿ ಮತ್ತು ವೈರು ಜೋಡಿಸಿದರೆ ಮುಗಿಯಿತು. ಎಬ್ಬಿಸಿ ಸಾಗಿಸುವ ಖರ್ಚು ಬಡವರ ಕೈಗೆ ಎಟುಕುವಂಥದಲ್ಲ. ಮನೆಯ ಬಿಲ್ಲು ಸರಿಯಿಲ್ಲ ಎಂದು ಸಿಟ್ಟಾಗಿ ಪಕ್ಕದ ಪಾರ್ಕಿಗೆ ಹೋಗಿಬಿಡುವ ದಾರಿ ಅವರಿಗಿಲ್ಲ. ಮುಂದಿನ ಎಲ್ಲ ಸಂಗತಿಗಳನ್ನೂ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

1976ರ ಜೂನ್ 15ರ ನಂತರ ತಯಾರಾದ ಇಂಥ ಮನೆಗಳಿಗೆ ಕಾನೂನಿನ ಹೆಸರು ‘ಮ್ಯಾನುಫ್ಯಾಕ್ಚರ್ಡ್ ಹೋಮ್’. ಆ ದಿನದಿಂದ ಒಕ್ಕೂಟ ಸರ್ಕಾರದ ನಿರ್ಮಾಣ ಗುಣಮಟ್ಟದ ಸಂಹಿತೆ ಜಾರಿಯಾಯಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಮಕ್ಕಳನ್ನು ನೋಡಲು ಸ್ಯಾನ್ ಹೋಸೆಗೆ ಹೋಗಿಬಂದ ಅಪ್ಪ ಅಮ್ಮಂದಿರು ನಮ್ಮಲ್ಲಿ ಈಗ ಬೀದಿಗೊಬ್ಬರು ಸಿಗುತ್ತಾರೆ. ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳನ್ನು ಅವರು ನೋಡಿರುತ್ತಾರೆ. ಅದೇ ಊರಿನಲ್ಲಿ ಸುಮಾರು 60 ಮೊಬೈಲ್ ಹೋಮ್ ಪಾರ್ಕುಗಳಿವೆ, ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಿವೆ ಎನ್ನುವುದನ್ನು ಗಮನಿಸಿದವರು ಕಡಿಮೆ. ಪಕ್ಕದ ಸನ್ನಿವೇಲ್‌ನಲ್ಲೂ ಪಾರ್ಕುಗಳಿವೆ. ನಿವೃತ್ತರು, ಶಾಲೆಯ ಸಿಬ್ಬಂದಿ, ಅಂಗಡಿ ಕೆಲಸದವರು ಆ ದುಬಾರಿ ಊರುಗಳಲ್ಲಿ ಉಳಿದುಕೊಂಡಿರುವುದು ಬಹುಮಟ್ಟಿಗೆ ಇವುಗಳಿಂದಲೇ.

ಇನ್ನು ಮೀಟರಿಗೆ ಬರೋಣ.

ಹಳೆಯ ಪಾರ್ಕುಗಳಲ್ಲಿ ವಿದ್ಯುತ್ ಕಂಪನಿಯ ತಂತಿ ಪಾರ್ಕಿನ ಗೇಟಿನವರೆಗೆ ಮಾತ್ರ ಬರುತ್ತದೆ. ಅಲ್ಲಿರುವುದು ಒಂದೇ ದೊಡ್ಡ ಮೀಟರು, ಮಾಸ್ಟರ್ ಮೀಟರು. ಕಂಪನಿಯ ಲೆಕ್ಕದಲ್ಲಿ ಗ್ರಾಹಕ ಒಬ್ಬನೇ, ಪಾರ್ಕಿನ ಮಾಲೀಕ. ಒಳಗಿನ ತಂತಿ, ಗ್ಯಾಸ್ ಪೈಪು, ನೀರಿನ ಕೊಳವೆ ಎಲ್ಲ ಮಾಲೀಕನವು. ಪ್ರತಿ ಸೈಟಿನಲ್ಲೂ ಒಂದು ಸಬ್‌ಮೀಟರು ಇರುತ್ತದೆ. ಅದನ್ನು ಓದುವವನು ಮಾಲೀಕನ ಕಡೆಯವನು, ಇಲ್ಲವೇ ಮಾಲೀಕ ಗೊತ್ತುಮಾಡಿದ ಬಿಲ್ಲಿಂಗ್ ಏಜೆನ್ಸಿಯವನು. ನೆಲಬಾಡಿಗೆ, ಕರೆಂಟು, ಗ್ಯಾಸು, ನೀರು, ಕಸ, ಒಳಚರಂಡಿ ಎಲ್ಲ ಸೇರಿ ಒಂದೇ ಚೀಟಿ ಮನೆಗೆ ಬರುತ್ತದೆ.

ವಠಾರದಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ನಾವು ಮೈಸೂರಿನಲ್ಲಿದ್ದ ವಠಾರದಲ್ಲಿ ಆರು ಸಂಸಾರಕ್ಕೆ ಒಂದೇ ಮೀಟರು, ಒಂದೊಂದು ಮನೆಗೆ ಒಂದೊಂದು ಸಬ್‌ಮೀಟರು. ಕಪ್ಪು ಡಬ್ಬಿಯ ಗಾಜಿನೊಳಗೆ ಅಲ್ಯೂಮಿನಿಯಂ ಚಕ್ರ, ಅದರ ಅಂಚಿಗೆ ಬೊಟ್ಟಿನಂಥ ಗುರುತು. ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಆ ಗುರುತು ಓಡುತ್ತಿತ್ತು, ಆರಿಸಿದರೆ ತೆವಳುತ್ತಿತ್ತು. ಅಮ್ಮ ಪ್ರತಿ ತಿಂಗಳು ಒಂದನೇ ತಾರೀಖು ಸ್ಟೂಲು ಹಾಕಿಕೊಂಡು ಹತ್ತಿ ಅಂಕಿ ನೋಡಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಚೌಕದಲ್ಲೇ ಅದನ್ನೂ ಬರೆದಿಡುತ್ತಿದ್ದರು. ಯೂನಿಟ್ಟಿಗೆ ಇಷ್ಟು ಎಂದು ಓನರ್ ಹೇಳಿದ್ದೇ ದರ. ವಿದ್ಯುತ್ ಮಂಡಳಿಯವರು ಅವರಿಗೆ ಹಾಕುವ ದರ ಎಷ್ಟೆಂದು ನಮಗೆ ಒಂದು ದಿನವೂ ಗೊತ್ತಾಗಲಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಕ್ಯಾಲೆಂಡರು.

ಅಲ್ಲಿ ಮಾಲೀಕ ತನ್ನ ಇಷ್ಟದ ದರ ಹಾಕುವ ಹಾಗಿಲ್ಲ. ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕೋಡ್‌ನ 739.5ನೇ ಕಲಂ ಹೇಳುವುದಿಷ್ಟು: ನಿವಾಸಿ ನೇರವಾಗಿ ಕಂಪನಿಯಿಂದಲೇ ಕರೆಂಟು ಅಥವಾ ಗ್ಯಾಸು ಪಡೆದಿದ್ದರೆ ಯಾವ ದರ ಬೀಳುತ್ತಿತ್ತೋ ಅದೇ ದರವನ್ನು ಮಾಲೀಕನೂ ಹಾಕಬೇಕು.

ಹಾಗಾದರೆ ಒಳಗಿನ ತಂತಿ ನೋಡಿಕೊಳ್ಳುವ, ಮೀಟರ್ ಓದುವ, ಬಿಲ್ ಬರೆಯುವ ಖರ್ಚು ಯಾರು ಕೊಡುತ್ತಾರೆ? ಕಂಪನಿಯೇ ಕೊಡುತ್ತದೆ, ರಿಯಾಯಿತಿಯ ರೂಪದಲ್ಲಿ. ಒಳಗಿನ ಕೆಲಸ ಕಂಪನಿಗೆ ಉಳಿಯಿತಲ್ಲ, ಅದರ ಸರಾಸರಿ ಖರ್ಚನ್ನು ಲೆಕ್ಕ ಹಾಕಿ ಮಾಸ್ಟರ್ ಮೀಟರಿನ ಬಿಲ್ಲಿನಲ್ಲಿ ಸೈಟಿಗೆ, ದಿನಕ್ಕೆ ಇಷ್ಟು ಎಂದು ಕಳೆಯುತ್ತಾರೆ. ಆದ್ದರಿಂದ ಪಾರ್ಕಿನ ಹಳೆಯ ವೈರು ಬದಲಿಸಿದೆವು, ಗ್ಯಾಸ್ ಪೈಪು ಹೊಸದು ಹಾಕಿಸಿದೆವು ಎಂದು ಅದೇ ಖರ್ಚನ್ನು ನಿವಾಸಿಗಳ ತಲೆಗೆ ಬೇರೆಯಾಗಿ ಕಟ್ಟುವುದು ಎರಡು ಸಲ ವಸೂಲಿ ಮಾಡಿದಂತೆ ಎನ್ನುವುದು ಅಲ್ಲಿನ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ನಿನ ನಿಲುವು. ನಮ್ಮ ಕೆಇಆರ್‌ಸಿಯ ಹಾಗೆ ದರ ಗೊತ್ತುಮಾಡುವ ಸಂಸ್ಥೆ ಅದು. ಈ ನಿಲುವು ಬಹಳ ನಿವಾಸಿಗಳಿಗೆ ತಿಳಿದಿರುವುದಿಲ್ಲ, ತಿಳಿಯಬೇಕಾದ ಮೊದಲ ಸಂಗತಿಯೇ ಇದು.

ಈ ರಿಯಾಯಿತಿಯ ಹೊಟ್ಟೆಯೊಳಗೆ ಇನ್ನೊಂದು ಸೂಕ್ಷ್ಮವಿದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಬಳಕೆಗೆ ‘ಬೇಸ್‌ಲೈನ್’ ಎಂಬ ಮೊದಲ ಸ್ಲ್ಯಾಬ್ ಇದೆ. ಅದರೊಳಗಿನ ಯೂನಿಟ್ಟಿಗೆ ಕಡಿಮೆ ದರ, ದಾಟಿದರೆ ಹೆಚ್ಚು. ಪಾರ್ಕಿನಲ್ಲಿ ಎರಡೇ ಮನೆ ಇವೆ, ಬೇಸ್‌ಲೈನ್ ತಲಾ 300 ಯೂನಿಟ್ ಎಂದುಕೊಳ್ಳಿ. ಒಂಟಿ ಅಜ್ಜಿಯ ಮನೆಯಲ್ಲಿ 200 ಯೂನಿಟ್ ಖರ್ಚಾಯಿತು, ಪಕ್ಕದ ದೊಡ್ಡ ಸಂಸಾರಕ್ಕೆ 400. ಗೇಟಿನ ಮಾಸ್ಟರ್ ಮೀಟರಿನಲ್ಲಿ ಒಟ್ಟು 600. ಎರಡು ಮನೆಯ ಬೇಸ್‌ಲೈನೂ ಸೇರಿದರೆ 600. ಅಂದರೆ ಮಾಲೀಕ ಕಂಪನಿಗೆ ಕಟ್ಟಬೇಕಾದದ್ದು ಪೂರ್ತಿ ಕಡಿಮೆ ದರದಲ್ಲೇ. ಆದರೆ ದೊಡ್ಡ ಸಂಸಾರಕ್ಕೆ ಆತ ಬರೆಯುವ ಬಿಲ್ಲಿನಲ್ಲಿ 100 ಯೂನಿಟ್ ಮೇಲಿನ ಸ್ಲ್ಯಾಬಿನದು. ಯಾರೂ ಮೋಸ ಮಾಡಿಲ್ಲ, ಯಾರೂ ಸುಳ್ಳು ರೀಡಿಂಗ್ ಬರೆದಿಲ್ಲ, ಆದರೂ ನಡುವೆ ನಾಲ್ಕು ಕಾಸು ಉಳಿಯಿತು. ಅಜ್ಜಿ ಬಳಸದೆ ಬಿಟ್ಟ ಯೂನಿಟ್ಟಿನ ಲಾಭ ಅಜ್ಜಿಗೂ ಇಲ್ಲ, ಪಕ್ಕದವರಿಗೂ ಇಲ್ಲ. ನೂರಿನ್ನೂರು ಮನೆಯ ಪಾರ್ಕಿನಲ್ಲಿ ಇದು ಚಿಲ್ಲರೆ ಮೊತ್ತವಲ್ಲ. ಕಮಿಷನ್ ಇದನ್ನು ಗುರುತಿಸಿ, ಮಾಲೀಕನಿಗೆ ಕೊಡುವ ರಿಯಾಯಿತಿಯಲ್ಲಿ ಅಷ್ಟನ್ನು ಮುರಿದುಕೊಳ್ಳುವ ಏರ್ಪಾಡು ಮಾಡಿದೆ. ಸಾಮಾನ್ಯರ ಕಣ್ಣಿಗೆ ಬೀಳದ ಇಂಥ ಲೆಕ್ಕವನ್ನು ಒಬ್ಬರು ಕೂತು ಬಿಡಿಸಿದ್ದಾರಲ್ಲ, ಅವರಿಗೆ ನನ್ನ ನಮಸ್ಕಾರ.

ಮಾಸ್ಟರ್ ಮೀಟರಿನ ಪದ್ಧತಿ ಬಂದದ್ದು ಹೇಗೆ? ಪಾರ್ಕು ಕಟ್ಟುವವರಿಗೆ ಒಂದೇ ಸಂಪರ್ಕ ಸಾಕಾಗುತ್ತಿತ್ತು, ಕಂಪನಿಗೂ ಒಂದೇ ಬಿಲ್ಲು. ಆದರೆ ತಾನು ಖರ್ಚು ಮಾಡಿದ್ದು ತನ್ನ ಮೀಟರಿನಲ್ಲಿ ಕಾಣದಿದ್ದರೆ ಉಳಿಸುವ ಮನಸ್ಸು ಯಾರಿಗೆ ಬರುತ್ತದೆ? ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ನಂತರ, 1978ರಲ್ಲಿ ಒಕ್ಕೂಟ ಸರ್ಕಾರ ತಂದ ಪರ್ಪಾ ಎಂಬ ಕಾಯ್ದೆ ಹೊಸ ಕಟ್ಟಡಗಳಲ್ಲಿ ಮಾಸ್ಟರ್ ಮೀಟರನ್ನು ನಿಲ್ಲಿಸುವ ಬಗ್ಗೆ ರಾಜ್ಯಗಳು ಯೋಚಿಸಬೇಕು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 1997ರ ಜನವರಿ 1ರ ನಂತರ ಕಟ್ಟಿದ ಪಾರ್ಕುಗಳಲ್ಲಿ ಮನೆಮನೆಗೂ ಕಂಪನಿಯದೇ ಮೀಟರು ಇರಬೇಕು. ಅದಕ್ಕಿಂತ ಹಳೆಯವು ಹಾಗೇ ಉಳಿದುಕೊಂಡವು.

ಮುಂದಿನದು ನನಗೂ ಅಚ್ಚರಿ ತಂದ ಸಂಗತಿ. ಗ್ಯಾಸನ್ನು ಮಾಸ್ಟರ್ ಮೀಟರಿನಲ್ಲಿ ಕೊಂಡು ಒಳಗಿನ ಮನೆಗಳಿಗೆ ಹಂಚುವ ಪಾರ್ಕಿನ ಮಾಲೀಕ ಒಕ್ಕೂಟ ಕಾನೂನಿನ ಕಣ್ಣಿಗೆ ಪೈಪ್‌ಲೈನ್ ನಡೆಸುವವನು. ಊರೂರು ದಾಟಿಸಿ ಗ್ಯಾಸ್ ಸಾಗಿಸುವ ದೊಡ್ಡ ಕಂಪನಿಗಳ ಜೊತೆಗೆ, ಇವನ ನೆಲದಡಿಯ ಸಣ್ಣ ಕೊಳವೆಗೂ ಸುರಕ್ಷತಾ ನಿಯಮಗಳು ಅನ್ವಯಿಸುತ್ತವೆ. ಸೋರಿಕೆ ತಪಾಸಣೆ ಮಾಡಿಸಬೇಕು, ದಾಖಲೆ ಇಡಬೇಕು, ಸರ್ಕಾರದ ಇನ್ಸ್‌ಪೆಕ್ಟರಿಗೆ ತೋರಿಸಬೇಕು.

ಬಿಲ್ಲಿನ ಮೇಲೆ ಏನಿರಬೇಕು? ಕ್ಯಾಲಿಫೋರ್ನಿಯಾದ ‘ಮೊಬೈಲ್‌ಹೋಮ್ ರೆಸಿಡೆನ್ಸಿ ಲಾ’ ಪ್ರಕಾರ ಒಂದೊಂದು ಸೇವೆಯ ಮೊತ್ತವೂ ಬೇರೆ ಬೇರೆಯಾಗಿ ಇರಬೇಕು. ಜೊತೆಗೆ ಎರಡು ಅಂಕಿ, ಹಿಂದಿನ ರೀಡಿಂಗು ಮತ್ತು ಈಗಿನ ರೀಡಿಂಗು. ಕಂಪನಿಯ ದರಪಟ್ಟಿ, ಇಲ್ಲವೇ ಅದು ಸಿಗುವ ಜಾಲತಾಣದ ವಿಳಾಸ ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗಿರಬೇಕು. ಈಗಿನದರಲ್ಲಿ ಹಿಂದಿನದನ್ನು ಕಳೆದು ದರದಿಂದ ಗುಣಿಸಲು ಲೆಕ್ಕಪರಿಶೋಧಕರು ಬೇಕಿಲ್ಲ, ಅಂಕಿಗಳು ಕಣ್ಣೆದುರಿಗಿದ್ದರೆ ಸಾಕು. ನಮ್ಮ ವಠಾರದಲ್ಲಿ ಇಲ್ಲದಿದ್ದದ್ದು ಆ ದರಪಟ್ಟಿ.

ಪಾರ್ಕಿನ ಬೀದಿದೀಪದ ಕರೆಂಟು ನಿಮ್ಮ ಮೀಟರಿನಿಂದಲೇ ಹೋಗುತ್ತಿದ್ದರೆ? ಹಳೆಯ ವೈರಿಂಗಿನಲ್ಲಿ ಹೀಗಾಗುವುದುಂಟು. ಮೂಲೆಮನೆಯ ಮೀಟರಿಗೆ ದೀಪದ ಕಂಬ, ಇನ್ನೊಬ್ಬರ ಮೀಟರಿಗೆ ತೋಟದ ನೀರು. ಇದು ಗೊತ್ತಿದ್ದರೆ ಮಾಲೀಕ ಅದನ್ನು ನಿವಾಸಿಗೆ ತಿಳಿಸಲೇಬೇಕು. ಆಮೇಲೆ ಎರಡರಲ್ಲಿ ಒಂದು: ಎಷ್ಟು ಹಣ ಕೊಡುತ್ತೇನೆಂದು ನಿವಾಸಿಯ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಇಲ್ಲವೇ ಆ ಸಂಪರ್ಕ ತಪ್ಪಿಸಬೇಕು.

ನೀರಿನ ಕಥೆ ಬೇರೆ. ಕರೆಂಟು, ಗ್ಯಾಸಿಗೆ ಇರುವ ‘ಅದೇ ದರ, ಮೇಲೆ ರಿಯಾಯಿತಿ’ ಎಂಬ ಕಟ್ಟು ನೀರಿಗೆ ಇರಲಿಲ್ಲ. ನೀರಿನ ಬಳಕೆ ಹತ್ತು ಡಾಲರಿನದು, ಓದಿ ಬಿಲ್ ಬರೆದ ಖರ್ಚೆಂದು ಮೇಲೆ ಇನ್ನೊಂದಿಷ್ಟು ಎನ್ನುವಂಥ ಬಿಲ್ಲುಗಳಿಗೆ ತಡೆಯಿರಲಿಲ್ಲ. ಶಾಸಕ ಅಲೆಕ್ಸ್ ಲೀ ತಂದ ಎಬಿ 1061 ಮಸೂದೆ 2021ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಸಬ್‌ಮೀಟರಿನ ನೀರಿನ ಬಿಲ್ಲಿನಲ್ಲಿ ಮೂರೇ ಬಾಬ್ತು. ಬಳಸಿದ ನೀರಿನ ಹಣ, ನೀರಿನ ಸಂಸ್ಥೆ ಹಾಕುವ ಸ್ಥಿರ ಶುಲ್ಕದಲ್ಲಿ ಪಾಲು, ಮತ್ತು ಬಿಲ್ಲಿಂಗಿನ ಖರ್ಚು. ಈ ಕೊನೆಯದು 4.75 ಡಾಲರ್ ಅಥವಾ ಬಳಸಿದ ನೀರಿನ ಹಣದ ಶೇಕಡ 25, ಎರಡರಲ್ಲಿ ಯಾವುದು ಕಡಿಮೆಯೋ ಅದು. 4.75 ಎಂಬ ಮಿತಿಯನ್ನು ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಿಸುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾನೇ ಹಾಕಿದವು. ನೂರು ಮನೆಯ ಪಾರ್ಕು. ತಿಂಗಳಿಗೆ ಒಟ್ಟು 1,000 ‘ಸಿಸಿಎಫ್’ ನೀರು, ಅದರ ಹಣ 4,000 ಡಾಲರ್, ಸ್ಥಿರ ಶುಲ್ಕ 600 ಡಾಲರ್. ಸಿಸಿಎಫ್ ಅಂದರೆ ನೂರು ಘನ ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 2,830 ಲೀಟರ್. ಒಂದು ಮನೆಯವರು 8 ಸಿಸಿಎಫ್ ಬಳಸಿದರು. ನೀರಿನ ಹಣ 32 ಡಾಲರ್. ಸ್ಥಿರ ಶುಲ್ಕವನ್ನು ಸಮಪಾಲು ಮಾಡಿದರೆ 6 ಡಾಲರ್. ಬಳಕೆಯ ಪ್ರಮಾಣದಲ್ಲಿ ಹಂಚಿದರೆ 4.80. ಯಾವ ರೀತಿ ಹಂಚಬೇಕೆಂಬ ಆಯ್ಕೆ ಮಾಲೀಕನದು. ಬಿಲ್ಲಿಂಗಿಗೆ 32ರ ಕಾಲುಭಾಗ 8 ಡಾಲರಾಗುತ್ತದೆ, ಆದರೆ ಮಿತಿ ಇರುವುದರಿಂದ 4.75. ಪಕ್ಕದ ಒಂಟಿಮನೆಯವರು 2 ಸಿಸಿಎಫ್ ಬಳಸಿದರು. ಅವರ ನೀರಿನ ಹಣ 8 ಡಾಲರ್, ಬಿಲ್ಲಿಂಗಿಗೆ ಅದರ ಕಾಲುಭಾಗ, ಅಂದರೆ 2 ಡಾಲರ್ ಮಾತ್ರ. ಕಡಿಮೆ ಬಳಸುವವರ ಮೇಲೆ ಬಳಕೆಗಿಂತ ದೊಡ್ಡ ಸೇವಾಶುಲ್ಕ ಬೀಳದಿರಲಿ ಎಂದೇ ಈ ಕಾಲುಭಾಗದ ಮಾತು. ಒಂದು ಸಾಲಿನ ನಿಯಮ ಎಷ್ಟೋ ಮುದುಕರ ಪಿಂಚಣಿಯನ್ನು ಕಾಯುತ್ತದೆ.

ಪಾರ್ಕಿನಲ್ಲಿ ಸಿಲಿಂಡರ್ ಗ್ಯಾಸನ್ನು ತನ್ನಿಂದಲೇ ಕೊಳ್ಳಬೇಕು, ಹೊರಗಿನಿಂದ ತರುವ ಹಾಗಿಲ್ಲ ಎಂದು ಮಾಲೀಕ ಕಟ್ಟುಮಾಡಿದ್ದರೆ, ತಾನು ಕೊಂಡ ಬೆಲೆಯ ಶೇಕಡ 110ಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ.

ಬೇರೆ ರಾಜ್ಯಗಳಲ್ಲಿ? ಅರಿಜೋನಾದಲ್ಲಿ ಕರೆಂಟು, ಗ್ಯಾಸು, ನೀರಿಗೆ ಬೇರೆ ಹಣ ಕೇಳಬೇಕಾದರೆ ಪ್ರತಿ ಮನೆಗೂ ಬೇರೆ ಮೀಟರಿರಬೇಕು, ಸ್ಥಳೀಯ ಸಂಸ್ಥೆ ಸಾಮಾನ್ಯ ಮನೆಗೆ ಹಾಕುವ ದರವನ್ನು ದಾಟಬಾರದು. ಫ್ಲೋರಿಡಾದಲ್ಲಿ ಮಾಲೀಕ ಕೊಂಡ ಬೆಲೆಯ ಮೇಲೆ ಲಾಭ ಇಟ್ಟುಕೊಳ್ಳುವಂತಿಲ್ಲ. ವಾಷಿಂಗ್ಟನ್ ರಾಜ್ಯದಲ್ಲೂ ನಿಜವಾದ ವೆಚ್ಚಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅಷ್ಟೇ ಅಲ್ಲ, ದುರಸ್ತಿಯ ಕಾರಣವಿಲ್ಲದೆ ಬೇಕೆಂದೇ ನೀರು, ಕರೆಂಟು ನಿಲ್ಲಿಸುವುದನ್ನೂ ಅಲ್ಲಿನ ಕಾನೂನು ತಡೆಯುತ್ತದೆ.

ಮೀಟರೇ ಇಲ್ಲದೆ ಬಿಲ್ಲು ಬರುವ ಪದ್ಧತಿಯೂ ಇದೆ. ಅದಕ್ಕೆ ‘ರಬ್ಸ್’ ಎನ್ನುತ್ತಾರೆ. ಮನೆಯಲ್ಲಿ ಎಷ್ಟು ಜನ, ಮನೆಯ ವಿಸ್ತೀರ್ಣ ಎಷ್ಟು ಎಂದು ಸೂತ್ರ ಹಾಕಿ ಒಟ್ಟು ಬಿಲ್ಲನ್ನು ಹಂಚುತ್ತಾರೆ. ಅಪಾರ್ಟ್‌ಮೆಂಟುಗಳ ಮೇಲೆ 2004ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಸಬ್‌ಮೀಟರ್ ಹಾಕಿದ ಕಡೆ ನೀರಿನ ಬಳಕೆ ಶೇಕಡ 15.3ರಷ್ಟು ಇಳಿದದ್ದನ್ನು ಕಂಡಿತು. ಸೂತ್ರ ಹಾಕಿ ಹಂಚಿದ ಕಡೆ ಹೇಳಿಕೊಳ್ಳುವಂಥ ಉಳಿತಾಯವೇ ಕಾಣಲಿಲ್ಲ. ನಾನು ನಲ್ಲಿ ಬಿಗಿ ಮಾಡಿದರೂ ಪಕ್ಕದವರ ಸೋರುವ ಟ್ಯಾಂಕಿನ ಪಾಲು ನನ್ನ ಬಿಲ್ಲಿಗೇ ಬರುವುದಾದರೆ ಬಿಗಿ ಮಾಡುವ ಉತ್ಸಾಹ ಎಷ್ಟು ದಿನ ಇದ್ದೀತು?

ಬಡವರಿಗೆ ಸಿಗುವ ವಿನಾಯಿತಿ ಮಾಸ್ಟರ್ ಮೀಟರನ್ನು ದಾಟಿ ಒಳಗೆ ಬರುತ್ತದೆಯೇ? ಕ್ಯಾಲಿಫೋರ್ನಿಯಾದಲ್ಲಿ ‘ಕೇರ್’ ಎಂಬ ಯೋಜನೆ ಇದೆ. ಕಡಿಮೆ ಆದಾಯದವರಿಗೆ ಕರೆಂಟಿನಲ್ಲಿ ಶೇಕಡ 30ರಿಂದ 35, ಗ್ಯಾಸಿನಲ್ಲಿ ಶೇಕಡ 20 ಕಡಿತ. ಕಂಪನಿಯ ಪುಸ್ತಕದಲ್ಲಿ ಹೆಸರೇ ಇಲ್ಲದ ಪಾರ್ಕಿನ ನಿವಾಸಿಗೂ ಇದು ಸಿಗುತ್ತದೆ, ಅರ್ಜಿ ಹಾಕಬೇಕು ಅಷ್ಟೆ. ಯೋಜನೆಯ ವಿಷಯವನ್ನು ಪ್ರತಿ ವರ್ಷ ಫೆಬ್ರವರಿ 1ರೊಳಗೆ ನಿವಾಸಿಗಳಿಗೆ ಬರಹದಲ್ಲಿ ತಿಳಿಸುವುದು ಪಾರ್ಕಿನ ಆಡಳಿತದ ಹೊಣೆ. ಮನೆಯಲ್ಲಿ ಉಸಿರಾಟದ ಯಂತ್ರದಂಥ ವೈದ್ಯಕೀಯ ಉಪಕರಣ ಓಡುತ್ತಿದ್ದರೆ ಕಡಿಮೆ ದರದ ಹೆಚ್ಚುವರಿ ಯೂನಿಟ್ಟುಗಳೂ ಇವೆ, ‘ಮೆಡಿಕಲ್ ಬೇಸ್‌ಲೈನ್’ ಎಂಬ ಹೆಸರಿನಲ್ಲಿ. ಅದೂ ಸಬ್‌ಮೀಟರಿನವರಿಗೆ ಉಂಟು.

ನಮ್ಮಲ್ಲಿ 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರಿಗೂ ಸೌಲಭ್ಯ ಎಂದರು, ಸರಿ. ಆದರೆ ನೋಂದಣಿ ಆರ್.ಆರ್. ನಂಬರಿನ ಮೇಲೆ. ಸಬ್‌ಮೀಟರಿಗೆ ಆರ್.ಆರ್. ನಂಬರ್ ಎಲ್ಲಿಂದ ಬರಬೇಕು? ಒಂದೇ ಮೀಟರಿನ ವಠಾರದಲ್ಲಿ ಇರುವವರು ಯಾರ ಬಾಗಿಲು ತಟ್ಟಬೇಕು? ಕೇರ್ ಯೋಜನೆಯವರು ಈ ತೊಡಕನ್ನು ಮೊದಲೇ ಯೋಚಿಸಿ ದಾರಿ ಮಾಡಿಟ್ಟಿರುವುದು ನಮ್ಮವರೂ ಗಮನಿಸಬೇಕಾದ ಸಂಗತಿ.

ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಬರೋಣ. ಕಂಪನಿ ಯಾವಾಗಲಾದರೂ ಹಣ ವಾಪಸು ಕೊಟ್ಟರೆ? ಅದು ಮಾಲೀಕನ ಜೇಬಿನಲ್ಲಿ ನಿಲ್ಲುವಂತಿಲ್ಲ. ಅವರವರ ಬಳಕೆಯ ಪ್ರಮಾಣದಲ್ಲಿ ನಿವಾಸಿಗಳ ಖಾತೆಗೆ ಜಮಾ ಆಗಬೇಕು.

ಇನ್ನೊಂದು ಅಪಾಯದ ತಿರುವಿದೆ. ಇಷ್ಟು ದಿನ ನೀರು, ಕಸ ಎಲ್ಲ ನೆಲಬಾಡಿಗೆಯಲ್ಲೇ ಸೇರಿತ್ತು. ಇವತ್ತಿನಿಂದ ನೀರಿಗೆ ಬೇರೆ ಬಿಲ್ಲು ಎಂದು ಆಡಳಿತ ಹೇಳುತ್ತದೆ. ಬಾಡಿಗೆ ಅಷ್ಟೇ ಇದ್ದು ನೀರಿನ ಬಿಲ್ಲು ಮೇಲೆ ಬಂದರೆ ಅದು ಬಾಗಿಲ ಹಿಂದಿನಿಂದ ಬಂದ ಬಾಡಿಗೆ ಏರಿಕೆ. ಕ್ಯಾಲಿಫೋರ್ನಿಯಾದ ಕಾನೂನು ಇಲ್ಲಿ ಹೇಳುವುದು ಸ್ಪಷ್ಟವಾಗಿದೆ. ಹೀಗೆ ಬೇರ್ಪಡಿಸಿದರೆ, ಹಿಂದಿನ 12 ತಿಂಗಳಲ್ಲಿ ಆ ಸೈಟಿನ ಆ ಸೇವೆಗೆ ಬಿದ್ದ ಸರಾಸರಿ ಮೊತ್ತದಷ್ಟು ಬಾಡಿಗೆಯನ್ನು ಅದೇ ಕ್ಷಣದಿಂದ ಇಳಿಸಬೇಕು. ಇಂಥ ನೋಟಿಸು ಬಂದ ದಿನ ಹಳೆಯ ಚೀಟಿಗಳನ್ನು ಜೋಪಾನ ಮಾಡಿಟ್ಟವರು ಗೆಲ್ಲುತ್ತಾರೆ.

ಬಿಲ್ಲು ಕಟ್ಟದಿದ್ದರೆ ಏನಾಗುತ್ತದೆ? ಊರಿನ ಬೇರೆ ಮನೆಯವರಿಗೆ ಕರೆಂಟು ಹೋಗುತ್ತದೆ. ಪಾರ್ಕಿನವರಿಗೆ ಸೈಟೇ ಹೋಗಬಹುದು. ಬಾಡಿಗೆ ಬಾಕಿಯ ಹಾಗೆಯೇ ನೀರು, ಕರೆಂಟಿನ ಬಾಕಿಯೂ ಖಾಲಿ ಮಾಡಿಸಲು ಕಾರಣವಾಗುತ್ತದೆ. ಕಟ್ಟುವ ದಿನ ಕಳೆದು ಐದು ದಿನವಾದರೂ ಕಟ್ಟಿಲ್ಲವೆಂದರೆ ಮೂರು ದಿನದ ನೋಟಿಸು ಕೊಡಬಹುದು. ಸೈಟು ಹೋದರೆ ಅದರ ಮೇಲಿನ ಸ್ವಂತ ಮನೆಯನ್ನು ಎಲ್ಲಿಡುವುದು? ನಲವತ್ತು ಡಾಲರಿನ ನೀರಿನ ಬಿಲ್ಲಿನ ಹಿಂದೆ ಇಡೀ ಮನೆ ನಿಂತಿದೆ. ಆದ್ದರಿಂದಲೇ ಆ ಬಿಲ್ಲು ಒಂದು ಸೆಂಟಿನಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ದುರಸ್ತಿಗಾಗಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ನೀರೋ ಕರೆಂಟೋ ನಿಲ್ಲಿಸಬೇಕಾದರೆ, ತುರ್ತಿನ ಕೆಲಸವಲ್ಲದಿದ್ದರೆ, 72 ಗಂಟೆ ಮುಂಚೆ ಮನೆಮನೆಗೂ ಚೀಟಿ ಅಂಟಿಸಬೇಕು.

ಸಬ್‌ಮೀಟರು ನಿಜ ಹೇಳುತ್ತಿದೆ ಎಂದು ನೋಡುವವರು ಯಾರು? ಕಂಪನಿಯಲ್ಲ, ಕೌಂಟಿಯ ತೂಕ ಮತ್ತು ಅಳತೆ ಇಲಾಖೆ. ಪೆಟ್ರೋಲ್ ಬಂಕಿನ ಪಂಪು, ದಿನಸಿ ಅಂಗಡಿಯ ತಕ್ಕಡಿ ಪರೀಕ್ಷಿಸುವವರೇ ಇದನ್ನೂ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಮುದ್ರೆ ಇಲ್ಲದ ಮೀಟರು ಕಂಡರೆ ನಿವಾಸಿ ನೇರವಾಗಿ ಅವರಿಗೆ ದೂರು ಕೊಡಬಹುದು.

ಕೆಲವು ಪಾರ್ಕುಗಳಿಗೆ ಸ್ವಂತ ಬೋರ್‌ವೆಲ್ಲೇ ಗತಿ. ವರ್ಷವಿಡೀ ವಾಸವಿರುವ 25 ಜನಕ್ಕೆ, ಇಲ್ಲವೇ 15 ಸಂಪರ್ಕಗಳಿಗೆ ನೀರು ಕೊಡುವ ವ್ಯವಸ್ಥೆ ಯಾರದೇ ಆಗಿರಲಿ, 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯಡಿ ಅದು ಸಾರ್ವಜನಿಕ ನೀರು ಸರಬರಾಜು. ಪರೀಕ್ಷೆ ಕಡ್ಡಾಯ. ದಕ್ಷಿಣ ಕ್ಯಾಲಿಫೋರ್ನಿಯಾದ ಥರ್ಮಲ್ ಎಂಬಲ್ಲಿನ ಓಯಸಿಸ್ ಪಾರ್ಕಿನ ನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿದ್ದಕ್ಕೆ 2019ರಲ್ಲಿ ಒಕ್ಕೂಟ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ತುರ್ತು ಆದೇಶ ಹೊರಡಿಸಬೇಕಾಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದ ಹೊಲಗೂಲಿಗಳು. ರಾಯಚೂರು, ಯಾದಗಿರಿ ಕಡೆಯ ಓದುಗರಿಗೆ ಆರ್ಸೆನಿಕ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಲೀಟರಿಗೆ 10 ಮೈಕ್ರೋಗ್ರಾಂ ಅಲ್ಲಿನ ಮಿತಿ. ನಲ್ಲಿಯಲ್ಲಿ ನೀರು ಬರುತ್ತಿದ್ದರೂ ಕುಡಿಯುವುದಕ್ಕೆ ಬಾಟಲಿ ತರಬೇಕಾದವರ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಕರೆಂಟು, ಗ್ಯಾಸಿನ ಬಿಲ್ಲಿನ ತೊಡಕಿಗೆ ಪೂರ್ತಿ ಪರಿಹಾರ ಎಂದರೆ ನಡುವಿನ ಮೀಟರನ್ನೇ ತೆಗೆಯುವುದು. ಆ ಕೆಲಸ ನಡೆದಿದೆ. ಕಮಿಷನ್ 2014ರಲ್ಲಿ ಒಂದು ಪ್ರಾಯೋಗಿಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮಾಸ್ಟರ್ ಮೀಟರಿನ ಸೈಟುಗಳಲ್ಲಿ ಶೇಕಡ 10ರಷ್ಟನ್ನು ಕಂಪನಿಯ ನೇರ ಸಂಪರ್ಕಕ್ಕೆ ತರುವುದು ಗುರಿ. 2020ರಲ್ಲಿ ಅದನ್ನು ಹಿಗ್ಗಿಸಿ, 2030ರ ಹೊತ್ತಿಗೆ ಅರ್ಧದಷ್ಟು ಸೈಟುಗಳು ಎಂದರು. ಕಂಪನಿಯವರು ಬೀದಿ ಅಗೆದು ಹೊಸ ತಂತಿ, ಹೊಸ ಗ್ಯಾಸ್ ಪೈಪು ಹಾಕುತ್ತಾರೆ. ಮೀಟರಿನಿಂದ ಮನೆಯವರೆಗಿನ ಜೋಡಣೆಯೂ ಯೋಜನೆಯಲ್ಲೇ ಸೇರಿದೆ. ಹಳೆಯ ಪಾರ್ಕುಗಳಲ್ಲಿ ಮನೆಗೆ 30 ಆಂಪಿಯರ್, 50 ಆಂಪಿಯರ್ ಸಂಪರ್ಕವಿತ್ತು. ಒಂದು ಎ.ಸಿ., ಒಂದು ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಕತ್ತಲೆ. ಹೊಸ ಕಂಬದಲ್ಲಿ 100 ಆಂಪಿಯರ್. ಅಲ್ಲಿಂದ ಮುಂದೆ ಬಿಲ್ಲು ಬರುವುದು ನಿವಾಸಿಯ ಹೆಸರಿಗೆ, ಕಂಪನಿಯಿಂದ. ತನ್ನ ಹೆಸರಿನಲ್ಲಿ ಬಂದ ಮೊದಲ ಕರೆಂಟ್ ಬಿಲ್ಲು ಒಂದು ವಿಳಾಸದ ಪುರಾವೆಯೂ ಹೌದು ಎನ್ನುವುದು ವಠಾರದಲ್ಲಿದ್ದು ರೇಷನ್ ಕಾರ್ಡಿಗೆ ಅಲೆದವರಿಗೆ ಚೆನ್ನಾಗಿ ಗೊತ್ತು.

ದೂರು ಕೊಡುವುದು ಎಲ್ಲಿಗೆ? ಕರೆಂಟು, ಗ್ಯಾಸಿನ ದರದ ತಕರಾರು ಕಮಿಷನ್ನಿಗೆ, ಮೀಟರಿನ ತಕರಾರು ತೂಕ ಮತ್ತು ಅಳತೆಯವರಿಗೆ. ರೆಸಿಡೆನ್ಸಿ ಕಾನೂನು ಮುರಿದರೆ ರಾಜ್ಯದ ವಸತಿ ಇಲಾಖೆಗೆ. 2018ರ ಕಾನೂನೊಂದರ ಫಲವಾಗಿ 2020ರ ಜುಲೈ 1ರಿಂದ ಆ ಇಲಾಖೆ ಇಂಥ ದೂರುಗಳನ್ನು ತೆಗೆದುಕೊಳ್ಳುತ್ತಿದೆ. ಅದರ ಖರ್ಚಿಗೆಂದು ಸೈಟಿಗೆ ವರ್ಷಕ್ಕೆ 10 ಡಾಲರ್ ಶುಲ್ಕ ಗೊತ್ತುಮಾಡಿದರು. ಅದಕ್ಕೂ ಮುಂಚೆ ವಕೀಲರಿಗೆ ಹಣ ಸುರಿದು ಕೋರ್ಟಿಗೆ ಹೋಗುವುದೇ ಬಹುಮಟ್ಟಿಗೆ ಇದ್ದ ದಾರಿ.

ದೂರು ಕೊಡುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಗ್ಯಾಸ್ ಮೀಟರು ಅಳೆಯುವುದು ಘನ ಅಡಿಯಲ್ಲಿ, ಬಿಲ್ಲು ಬರುವುದು ‘ಥರ್ಮ್’ ಎಂಬ ಶಾಖದ ಲೆಕ್ಕದಲ್ಲಿ. ನಡುವೆ ಒಂದು ಗುಣಕವಿರುತ್ತದೆ. ಮೀಟರಿನ ವ್ಯತ್ಯಾಸಕ್ಕೂ ಬಿಲ್ಲಿನ ಅಂಕಿಗೂ ತಾಳೆಯಾಗದಿದ್ದರೆ ಅದು ಮೋಸವೇ ಆಗಿರಬೇಕಿಲ್ಲ, ಆ ಗುಣಕ ಇರಬಹುದು. ಹಳೆಯ ಮುಳ್ಳಿನ ಮೀಟರಿನಲ್ಲಿ ಒಂದು ಮುಖ ಗಡಿಯಾರದ ಹಾಗೆ ಸುತ್ತಿದರೆ ಪಕ್ಕದ್ದು ಎದುರುಸುತ್ತು. ಮುಳ್ಳು ಎರಡು ಅಂಕಿಯ ನಡುವೆ ನಿಂತಿದ್ದರೆ ಅದು ಆಗಲೇ ದಾಟಿದ ಅಂಕಿಯನ್ನು ಬರೆದುಕೊಳ್ಳಬೇಕು.

ನೀರಿನ ಸಬ್‌ಮೀಟರು ಸಾಮಾನ್ಯವಾಗಿ ನೆಲದಲ್ಲಿ, ಮುಚ್ಚಳ ಹಾಕಿದ ಸಣ್ಣ ಗುಂಡಿಯಲ್ಲಿರುತ್ತದೆ. ಮೀಟರಿನ ಈಚೆಗೆ, ಮನೆಯ ಅಡಿಯಲ್ಲಿ ಪೈಪು ಸೋರಿದರೆ ಆ ನೀರಿನ ಹಣ ಮನೆಯವರದೇ. ಹಲಗೆ ಹೊಡೆದು ಮುಚ್ಚಿರುವುದರಿಂದ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಎಲ್ಲರೂ ಮಲಗುವ ಮುಂಚೆ ಮನೆಯ ಅಷ್ಟೂ ನಲ್ಲಿ ಮುಚ್ಚಿ, ಟಾರ್ಚು ಹಿಡಿದು ಗುಂಡಿಯ ಮುಚ್ಚಳ ಎತ್ತಿ ನೋಡಿ. ಅನೇಕ ಮೀಟರುಗಳ ಮುಖದ ಮೇಲೆ, ಅಂಕಿಗಳ ಪಕ್ಕದಲ್ಲಿ, ಒಂದು ಪುಟ್ಟ ತ್ರಿಕೋನವೋ ನಕ್ಷತ್ರವೋ ಇರುತ್ತದೆ. ಹನಿ ನೀರು ಹರಿದರೂ ಅದು ತಿರುಗುತ್ತದೆ. ನಲ್ಲಿಯೆಲ್ಲ ಮುಚ್ಚಿದ್ದರೂ ಅದು ತಿರುಗುತ್ತಲೇ ಇದ್ದರೆ, ಅಂಕಿ ಬರೆದುಕೊಂಡು, ಸಮಯ ಬರೆದುಕೊಂಡು, ಬೆಳಿಗ್ಗೆ ಮೊದಲು ಪ್ಲಂಬರಿಗೆ ಫೋನ್ ಮಾಡಬೇಕು.